ಹೆಸರು ನಮ್ಮದು, ಸರಿ, ರೇಡಿಯೋ ಯಾರದು?

2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯಿಂದ ಒಂದು ಆದೇಶ ಹೊರಟಿತು. ಇನ್ನು ಮುಂದೆ 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹೆಸರು ಬೇಡ, ಎಲ್ಲಾ ಕಡೆ 'ಆಕಾಶವಾಣಿ' ಅಂತಲೇ ಹೇಳಬೇಕು ಅಂತ. ತಮಿಳುನಾಡಿನಲ್ಲಿ ಇದಕ್ಕೆ ವಿರೋಧ ಬಂತು. ನಮ್ಮ ಕಡೆ ಮಾತ್ರ ಹಬ್ಬ. "ಆ ಹೆಸರು ಕೊಟ್ಟಿದ್ದೇ ನಮ್ಮ ಮೈಸೂರು" ಅನ್ನೋ ಫಾರ್ವರ್ಡು ನಾನಿರೋ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಆಫೀಸಿನ ಗುಂಪು, ಬಿಇ ಬ್ಯಾಚಿನ ಗುಂಪು, ಊರಿನ ಗುಂಪು, ಒಂದನ್ನೂ ಬಿಡಲಿಲ್ಲ. ಕೊನೆಗೆ ಕೈಮುಗಿಯೋ ಎಮೋಜಿ, ಹಳದಿ ಕೆಂಪು ಬಾವುಟ.

ಫಾರ್ವರ್ಡಿನಲ್ಲಿ ಇದ್ದದ್ದು ಸುಳ್ಳೇನಲ್ಲ. ನಿಮಗೂ ಗೊತ್ತಿರೋ ಕಥೆಯೇ. ಡಾ. ಎಂ.ವಿ. ಗೋಪಾಲಸ್ವಾಮಿ ಅಂತ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಅಂತ ಹೆಸರು ಬಿತ್ತು. ಹೆಸರು ಸೂಚಿಸಿದವರು ಯಾರು ಅನ್ನೋದಕ್ಕೆ ಹೆಚ್ಚಿನವರು ನಾ. ಕಸ್ತೂರಿಯವರ ಕಡೆ ಬೆರಳು ತೋರಿಸ್ತಾರೆ. ಮುಂದೆ ಸ್ವತಂತ್ರ ಭಾರತದ ಸರ್ಕಾರ ತನ್ನ ರೇಡಿಯೋಕ್ಕೆ ಅದೇ ಹೆಸರನ್ನು ಇಟ್ಟುಕೊಂಡಿತು. ಕಥೆ ಮುಗೀತು, ಶುಭಂ.

ನನ್ನ ತಕರಾರು ಇರೋದು ಈ 'ಶುಭಂ' ಬಗ್ಗೆ. ನಾವು ಈ ಇತಿಹಾಸ ಹೇಳುವಾಗೆಲ್ಲ ನಾಮಕರಣದ ಹತ್ತಿರ ಬಂದು ನಿಲ್ಲಿಸಿಬಿಡ್ತೀವಿ. ಮಗುವಿಗೆ ಹೆಸರಿಟ್ಟ ದಿನದ ಊಟ ಎಷ್ಟು ಚೆನ್ನಾಗಿತ್ತು ಅಂತ ಜೀವನಪೂರ್ತಿ ಹೇಳ್ಕೊಂಡು, ಆ ಮಗು ಆಮೇಲೆ ಏನಾಯ್ತು ಅಂತ ಯಾರೂ ಕೇಳದಿದ್ದ ಹಾಗೆ. ಮಗು ಏನಾಯ್ತು ಅಂತ ಕೇಳಿದರೆ ಸಿಗೋ ಉತ್ತರ ಅಷ್ಟೊಂದು ಹಬ್ಬ ಮಾಡೋ ಹಾಗಿಲ್ಲ. ಅದಕ್ಕೇ ಈ ಬರಹ.

ಮೊದಲು ಆ ಸಾಹಸ ಎಷ್ಟು ಸಣ್ಣದಾಗಿತ್ತು ಅಂತ ನೋಡೋಣ. ಸಣ್ಣದು ಅನ್ನೋ ಮಾತನ್ನು ನಾನು ಹೊಗಳಿಕೆಯಾಗಿಯೇ ಹೇಳ್ತಾ ಇದೀನಿ. ಗೋಪಾಲಸ್ವಾಮಿಯವರು ಶುರು ಮಾಡಿದ್ದು 30 ವ್ಯಾಟ್ ಟ್ರಾನ್ಸ್‌ಮಿಟರಿನಿಂದ. ನಮ್ಮ ಕಾಲದ ಸೀಲಿಂಗ್ ಫ್ಯಾನು 75 ವ್ಯಾಟ್ ತಗೊಳ್ತಿತ್ತು. ಬಚ್ಚಲುಮನೆಗೆ ಹಾಕ್ತಿದ್ದ ಹಳೇ ಬಲ್ಬೇ 40 ವ್ಯಾಟು. ಅದಕ್ಕಿಂತ ಕಮ್ಮಿ ಶಕ್ತಿಯಲ್ಲಿ ಒಬ್ಬ ಮೇಷ್ಟ್ರು ಒಂದು ಊರಿಗೆ ಕೇಳಿಸೋ ಹಾಗೆ ಮಾತಾಡಿದರು. ಆಮೇಲೆ 250 ವ್ಯಾಟಿನ ಟ್ರಾನ್ಸ್‌ಮಿಟರ್ ಬಂತು. ಖರ್ಚಿಗೆ ಮೊದಲು ಅವರದೇ ಜೇಬು. ಬರ್ತಾ ಬರ್ತಾ ಸಾರ್ವಜನಿಕರು ಕೊಟ್ಟರು, ಮೈಸೂರು ನಗರಸಭೆಯೂ ಕೈ ಹಿಡಿಯಿತು. ಈ ನಗರಸಭೆ ಅನ್ನೋ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಅದೇ ಕಾಲದಲ್ಲಿ ಉಳಿದ ಕಡೆ ಏನಾಗ್ತಾ ಇತ್ತು ಅಂತ ಗೊತ್ತಿದ್ದರೆ ಇದರ ಬೆಲೆ ಇನ್ನಷ್ಟು ತಿಳಿಯುತ್ತೆ. 1927ರ ಜುಲೈನಲ್ಲಿ ಮುಂಬೈಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ದೊಡ್ಡ ಸಮಾರಂಭ ಮಾಡಿ ಪ್ರಸಾರ ಶುರು ಮಾಡಿತ್ತು. ಮೂರು ವರ್ಷ ತುಂಬೋದರೊಳಗೆ, 1930ರಲ್ಲಿ, ಕಂಪನಿ ಮುಳುಗಿತು. ಆಮೇಲೆ ಬ್ರಿಟಿಷ್ ಸರ್ಕಾರವೇ ವಹಿಸಿಕೊಂಡು ನಡೆಸಿತು. ಅದಕ್ಕೆ 'ಆಲ್ ಇಂಡಿಯಾ ರೇಡಿಯೋ' ಅಂತ ಹೆಸರು ಬಂದದ್ದು 1936ರ ಜೂನ್‌ನಲ್ಲಿ. ಅಂದರೆ ದೆಹಲಿಯವರು ತಮ್ಮ ರೇಡಿಯೋಕ್ಕೆ ಬೋರ್ಡು ಬರೆಸೋ ಮುಂಚೆಯೇ ಒಂಟಿಕೊಪ್ಪಲಿನ ಒಂದು ಮನೆಯಲ್ಲಿ ಪ್ರಸಾರ ನಡೀತಾ ಇತ್ತು. ದುಡ್ಡಿದ್ದ ಕಂಪನಿ ಸೋತ ಕೆಲಸವನ್ನು ಒಬ್ಬ ಮೇಷ್ಟ್ರು ಮನೆಯಿಂದ ಕೆಲವು ವರ್ಷ ನಡೆಸಿಕೊಂಡು ಹೋದರು.

ಹಾಗಂತ ಅದನ್ನು ಜನರ ರೇಡಿಯೋ ಅಂತ ಕರೆಯೋಕೆ ನಾನು ತಯಾರಿಲ್ಲ. 1935ರಲ್ಲಿ ರೇಡಿಯೋ ಸೆಟ್ಟು ಇದ್ದ ಮನೆ ಯಾವುದಿರಬಹುದು? ವಕೀಲರದ್ದು, ಪ್ರೊಫೆಸರದ್ದು, ಅರಮನೆ ಕಡೆಯವರದ್ದು, ದೊಡ್ಡ ವ್ಯಾಪಾರಸ್ಥರದ್ದು. ಮೈಕಿನ ಮುಂದೆ ಕೂತವರೂ ಆ ವಲಯದ ಸಂಗೀತಗಾರರು, ಸಾಹಿತಿಗಳು, ವಿದ್ವಾಂಸರು. ಅಶೋಕಪುರಂನವರೋ ಮಂಡಿ ಮೊಹಲ್ಲಾದವರೋ ಅಲ್ಲಿ ಬಂದು ಮಾತಾಡಿದ ಕಥೆಯನ್ನು ಈ ಹೆಮ್ಮೆಯ ಬರಹಗಳು ಯಾವತ್ತೂ ಹೇಳಿಲ್ಲ. ವಿಶ್ವವಿದ್ಯಾಲಯವನ್ನು ಊರಿನ ಮನೆಗಳಿಗೆ ತಲುಪಿಸೋ ಕೆಲಸ ಅದು, ಊರನ್ನು ಊರಿಗೆ ಕೇಳಿಸೋ ಕೆಲಸ ಅಲ್ಲ. ಆದರೂ ಒಂದು ಗುಣ ಇತ್ತು ಅದಕ್ಕೆ. ಅದರ ನಿರ್ಧಾರಗಳೆಲ್ಲ ಆ ಊರಿನಲ್ಲೇ ಆಗ್ತಿದ್ದವು. ನಾಳೆ ಸಂಜೆ ಏನು ಹಾಕಬೇಕು ಅಂತ ಕೇಳೋಕೆ ಟ್ರಂಕ್ ಕಾಲ್ ಮಾಡಬೇಕಾಗಿರಲಿಲ್ಲ.

ಈಗ ಫಾರ್ವರ್ಡು ಹೇಳದ ಭಾಗಕ್ಕೆ ಬರೋಣ. 1942ರ ಹೊತ್ತಿಗೆ ಮೈಸೂರು ಸಂಸ್ಥಾನದ ಸರ್ಕಾರ ಈ ರೇಡಿಯೋವನ್ನು ವಹಿಸಿಕೊಂಡಿತು. ಒಬ್ಬ ಮನುಷ್ಯನ ಕೈಯಿಂದ ಇಷ್ಟು ಭಾರ ಎಷ್ಟು ದಿನ ಆಗುತ್ತೆ, ಸರಿಯೇ. 1950ರಲ್ಲಿ ಸಂಸ್ಥಾನಗಳ ರೇಡಿಯೋ ಕೇಂದ್ರಗಳೆಲ್ಲ ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿದವು. ಮೈಸೂರು, ತಿರುವನಂತಪುರ, ಹೈದರಾಬಾದು, ಔರಂಗಾಬಾದು. ಅದೂ ಆ ಕಾಲದ ರಾಜಕೀಯಕ್ಕೆ ತಕ್ಕದ್ದೇ. ಆಮೇಲೆ 1955ರ ನವೆಂಬರ್ 2ರಂದು ಬೆಂಗಳೂರು ಆಕಾಶವಾಣಿ ಕೇಂದ್ರ ಶುರುವಾಯಿತು. ಹೊಸದಾಗಿ ಹುಟ್ಟಿದ್ದಲ್ಲ. ಮೈಸೂರಿನ ಕೇಂದ್ರವನ್ನೇ ಎತ್ತಿ ಬೆಂಗಳೂರಿಗೆ ಒಯ್ದದ್ದು.

ಮೈಸೂರಿಗೆ ಮತ್ತೆ ಒಂದು ಕೇಂದ್ರ ಬಂದದ್ದು 1974ರ ನವೆಂಬರ್ 14ಕ್ಕೆ. ನಡುವೆ ಹತ್ತೊಂಬತ್ತು ವರ್ಷ. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ ಊರಿನಲ್ಲಿ ಹತ್ತೊಂಬತ್ತು ವರ್ಷ ಆಕಾಶವಾಣಿ ಕೇಂದ್ರ ಇರಲಿಲ್ಲ. ಅದರಲ್ಲೂ ಒಂದು ವಿಚಿತ್ರ ನೋಡಿ. ದೇಶದ ರೇಡಿಯೋಕ್ಕೆ 'ಆಕಾಶವಾಣಿ' ಅನ್ನೋ ಹೆಸರು ಅಧಿಕೃತವಾಗಿ ಬಳಕೆಗೆ ಬಂದದ್ದು 1950ರ ದಶಕದ ಎರಡನೇ ಅರ್ಧದಲ್ಲಿ. ಅಂದರೆ ಹೆಚ್ಚುಕಮ್ಮಿ ಒಂದೇ ಸಮಯದಲ್ಲಿ ಹೆಸರನ್ನು ದೇಶಕ್ಕೆಲ್ಲ ಹಂಚಿದರು, ರೇಡಿಯೋವನ್ನು ಊರಿಂದ ಕಿತ್ತುಕೊಂಡರು. ನಮಗೆ ಮೊದಲನೆಯದು ಮಾತ್ರ ನೆನಪಿದೆ.

"ಅಯ್ಯೋ, ಬೆಂಗಳೂರಿಂದ ಬಂದರೂ ಮೈಸೂರಿಗೆ ಕೇಳಿಸ್ತಿತ್ತಲ್ಲ, ಏನು ನಷ್ಟ?" ಅಂತ ಕೇಳಬಹುದು. ಇಂಜಿನಿಯರಾಗಿ ನೋಡಿದರೆ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಮೀಡಿಯಂ ವೇವ್ ಟ್ರಾನ್ಸ್‌ಮಿಟರು ಮುಂದೆ ಬೆಳೆದು 200 ಕಿಲೋವ್ಯಾಟ್ ಆಯಿತು. ಗೋಪಾಲಸ್ವಾಮಿಯವರ 250 ವ್ಯಾಟಿಗೆ ಹೋಲಿಸಿದರೆ ಎಂಟುನೂರು ಪಟ್ಟು. ಹಳೇ ಮೈಸೂರಿನ ಮೂಲೆಮೂಲೆಗೂ ಮುಟ್ಟುತ್ತೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಸ್ಕೇಲ್ ಆಯಿತು. ಆದರೆ ನಾವು ಸಾಫ್ಟ್‌ವೇರಿನವರು ದಿನಾ ಮರೆಯೋ ಒಂದು ವಿಷಯ ಇಲ್ಲಿದೆ. ಜಾಸ್ತಿ ಜನರನ್ನು ಮುಟ್ಟೋದು ಬೇರೆ, ಅವರಿಗೆ ಸಂಬಂಧಪಟ್ಟದ್ದು ಹೇಳೋದು ಬೇರೆ. ಅರ್ಧ ರಾಜ್ಯಕ್ಕೆ ಮಾತಾಡೋ ರೇಡಿಯೋ ಹುಣಸೂರಿನ ಸಂತೆ ಬಗ್ಗೆ ಹೇಳೋಕಾಗಲ್ಲ. ಹೇಳಿದರೆ ತುಮಕೂರಿನವರಿಗೆ ಬೇಜಾರು. ಹಾಗಾಗಿ ಎಲ್ಲರಿಗೂ ಒಂದಿಷ್ಟು ಒಗ್ಗೋದನ್ನು ಮಾತ್ರ ಹೇಳಬೇಕು. ಟ್ರಾನ್ಸ್‌ಮಿಟರ್ ದೊಡ್ಡದಾದಷ್ಟೂ ಊರಿನ ಹೆಸರುಗಳು ಒಂದೊಂದಾಗಿ ಬಿಟ್ಟು ಹೋಗ್ತವೆ.

ಇದನ್ನು ನಾನು ಪುಸ್ತಕ ಓದಿ ಹೇಳ್ತಾ ಇಲ್ಲ. 1974ರ ನಂತರದ ಮೈಸೂರು ಆಕಾಶವಾಣಿ ಕೇಳ್ಕೊಂಡು ಬೆಳೆದ ಹಳ್ಳಿಯವನು ನಾನು. ನಮ್ಮ ಮನೆಯಲ್ಲಿ ಒಂದು ಫಿಲಿಪ್ಸ್ ಟ್ರಾನ್ಸಿಸ್ಟರ್ ಇತ್ತು. ಸೆಲ್ಲು ಇಳಿದರೆ ಅಜ್ಜಿ ಅದನ್ನು ತೆಗೆದು ಬಿಸಿಲಿಗಿಟ್ಟು ಮತ್ತೆ ಎರಡು ದಿನ ಓಡಿಸೋಳು. ಸಂಜೆ ಕೃಷಿ ಕಾರ್ಯಕ್ರಮ, ಪೇಟೆ ಧಾರಣೆ. ಆ ಧಾರಣೆ ಕೇಳಿ ಅಪ್ಪ ನಾಳೆ ಗಾಡಿ ಕಟ್ಟಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು. ಇನ್ನೊಂದು, ಕೋರಿಕೆ ಕಾರ್ಯಕ್ರಮ. ಒಂದು ಹಾಡಿಗೆ ಮುಂಚೆ ಹತ್ತು ನಿಮಿಷ ಹೆಸರು ಓದೋರು. ಇಂಥಾ ಊರಿನಿಂದ ಇಂಥವರು, ಅವರ ತಂಗಿ, ಅವರ ಭಾವ, ಪಕ್ಕದ ಮನೆ ಮಕ್ಕಳು. ಪಟ್ಟಣದವರು ಇದನ್ನು ಗೇಲಿ ಮಾಡ್ತಾರೆ. ನಮಗೆ ಹಾಡಿಗಿಂತ ಅದೇ ಮುಖ್ಯ ಆಗಿತ್ತು. ಬಸ್ಸಿನ ಬೋರ್ಡಿನಲ್ಲೂ ಇಲ್ಲದ ನಮ್ಮೂರಿನ ಹೆಸರನ್ನು ಒಬ್ಬರು ಸ್ಪಷ್ಟವಾಗಿ, ಗೌರವವಾಗಿ ಉಚ್ಚರಿಸ್ತಿದ್ದರು. "ಕೇಳ್ದೇನ್ಲಾ, ನಮ್ಮೂರ್ ಹೆಸ್ರು ಬಂತು" ಅಂತ ಮಾರನೇ ದಿನ ಅರಳಿಕಟ್ಟೆ ಹತ್ರ ಅದೇ ಮಾತು.

ಆದರೆ ಇಲ್ಲೂ ಒಂದು ಮಿತಿ ಇತ್ತು, ಅದನ್ನು ಮುಚ್ಚಿಡೋದು ಸರಿಯಲ್ಲ. ನಾವು ಪೋಸ್ಟ್ ಕಾರ್ಡು ಬರೀಬಹುದಿತ್ತು, ಅಷ್ಟೇ. ಓದೋದು ಬಿಡೋದು ಅವರ ಕೈಲಿ. ನಮ್ಮ ಹೆಸರು ರೇಡಿಯೋದಲ್ಲಿ ಬರ್ತಿತ್ತು, ನಮ್ಮ ದನಿ ಬರ್ತಿರಲಿಲ್ಲ. ಊರಿನ ಕೆರೆ ಹೂಳು ತುಂಬಿಕೊಂಡಿದ್ದರ ಬಗ್ಗೆ ಕಾರ್ಡು ಬರೆದರೆ ಅದನ್ನು ಓದೋಕೆ ಯಾವ ಕಾರ್ಯಕ್ರಮವೂ ಇರಲಿಲ್ಲ. ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇತ್ತು, ಅದರ ಯಜಮಾನಿಕೆ ದೆಹಲಿಯಲ್ಲಿತ್ತು.

ಈಗ ಜಾಗ ಬದಲಿಸೋಣ. ಮೈಸೂರಿನಿಂದ ಕೋಲಾರ ಜಿಲ್ಲೆಗೆ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ. ಹೈದರಾಲಿ ಹುಟ್ಟಿದ ಊರು ಅಂತ ಶಾಲೆಯಲ್ಲಿ ಓದಿರ್ತೀರಿ. ನನ್ನ ಮಟ್ಟಿಗೆ ಆ ಊರಿನ ಹೆಚ್ಚುಗಾರಿಕೆ ಬೇರೆ. ಮೈಸೂರಿನ ಕಥೆಯಲ್ಲಿ ಇಲ್ಲದ ಅರ್ಧ ಅಲ್ಲಿ ಸಿಗುತ್ತೆ.

ಹಿನ್ನೆಲೆ ಇಷ್ಟು. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಜಗಳ ಇದ್ದದ್ದು ಕ್ರಿಕೆಟ್ ಪಂದ್ಯ ಯಾರು ಪ್ರಸಾರ ಮಾಡಬೇಕು ಅನ್ನೋದರ ಮೇಲೆ. ತೀರ್ಪು ಹೇಳಿದ್ದು ಮಾತ್ರ ದೊಡ್ಡ ವಿಷಯ: ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯ ಅಲ್ಲ. ಸಾರ್ವಜನಿಕ ಆಸ್ತಿ ಅಂದ ಮೇಲೆ ಮೊದಲು ಬಾಗಿಲು ತೆರೆಯಬೇಕಾದದ್ದು ಯಾರಿಗೆ? ತೆರೆದದ್ದು ಹರಾಜಿನಲ್ಲಿ ಕೂಗಬಲ್ಲವರಿಗೆ. 2001ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ ಶುರುವಾಯಿತು. ಹಳ್ಳಿಗಳಿಗೆ ಬಾಗಿಲು ಮುಚ್ಚಿಯೇ ಇತ್ತು.

ಅದೇ ಹೊತ್ತಿನಲ್ಲಿ ಬೂದಿಕೋಟೆಯಲ್ಲಿ ವಾಯ್ಸಸ್, ಮೈರಾಡಾ ಅನ್ನೋ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಒಂದು ಸಣ್ಣ ಸ್ಟುಡಿಯೋ ಕಟ್ಟಲು ಕೈಜೋಡಿಸಿದವು. ಹೆಸರು 'ನಮ್ಮ ಧ್ವನಿ'. ಮಹಿಳಾ ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ರೆಕಾರ್ಡಿಂಗ್ ಕಲಿತರು, ಕಾರ್ಯಕ್ರಮ ಮಾಡಿದರು. ಎಲ್ಲಾ ಇತ್ತು, ಗಾಳಿಯಲ್ಲಿ ಬಿಡೋಕೆ ಲೈಸೆನ್ಸ್ ಮಾತ್ರ ಇರಲಿಲ್ಲ. ಹಾಗಾಗಿ ಮೊದಲು ಧ್ವನಿವರ್ಧಕದಲ್ಲಿ ಕೇಳಿಸಿದರು. 2003ರಲ್ಲಿ ಊರಿನ ಕೇಬಲ್ ಟಿವಿ ಜಾಲ ಹಿಡಿದರು. ರೇಡಿಯೋವನ್ನು ತಂತಿಯಲ್ಲಿ ಹರಿಸಿ ಟಿವಿ ಪೆಟ್ಟಿಗೆಯಲ್ಲಿ ಕೇಳಿಸೋದು! ಕಾನೂನು ಹೇಳೋದು ಗಾಳಿಯಲ್ಲಿ ಬಿಡಬೇಡಿ ಅಂತ ತಾನೇ, ತಂತಿಯಲ್ಲಿ ಬಿಟ್ಟರೆ? ನಾವು ಆಫೀಸಿನಲ್ಲಿ ಇಂಥದ್ದಕ್ಕೆ ವರ್ಕ್‌ಅರೌಂಡ್ ಅಂತೀವಿ. ಚೆನ್ನಾಗಿರೋ ವರ್ಕ್‌ಅರೌಂಡ್ ನೋಡಿದರೆ ಇಂಜಿನಿಯರಿಗೆ ಖುಷಿಯಾಗುತ್ತೆ, ಜತೆಗೆ ಆ ಸಿಸ್ಟಮ್ಮಿನಲ್ಲಿ ಏನೋ ಕೆಟ್ಟಿದೆ ಅಂತಲೂ ಗೊತ್ತಾಗುತ್ತೆ.

ಮೈಸೂರು ಮತ್ತು ಬೂದಿಕೋಟೆಯನ್ನು ಅಕ್ಕಪಕ್ಕ ಇಟ್ಟು ನೋಡಿ. 1935ರಲ್ಲಿ, ರಾಜರ ಕಾಲದಲ್ಲಿ, ಒಬ್ಬ ಪ್ರೊಫೆಸರು ತಮ್ಮ ಮನೆಯಿಂದ ಗಾಳಿಯಲ್ಲಿ ಮಾತಾಡಬಹುದಿತ್ತು. 2003ರಲ್ಲಿ, ಪ್ರಜಾಪ್ರಭುತ್ವ ಬಂದು ಐವತ್ತು ವರ್ಷ ದಾಟಿದ ಮೇಲೆ, ತರಂಗ ಜನರ ಆಸ್ತಿ ಅಂತ ಕೋರ್ಟು ಹೇಳಿ ಎಂಟು ವರ್ಷ ಆದ ಮೇಲೆ, ಒಂದು ಊರಿನ ಹೆಂಗಸರು ತಮ್ಮ ಊರಿಗೇ ಮಾತಾಡೋಕೆ ತಂತಿ ಎಳೀಬೇಕಾಯಿತು. ಈ ಎರಡು ದಿನಾಂಕ ಪಕ್ಕಪಕ್ಕ ಬಂದರೆ ಮಾತ್ರ ಅದು ಇತಿಹಾಸ. ಒಂದನ್ನೇ ಹೇಳ್ತಾ ಇದ್ದರೆ ಬರೀ ಜಂಬ.

"ಆಮೇಲೆ ಸರಿಹೋಯ್ತಲ್ಲ" ಅನ್ನಬಹುದು. ಒಂದು ಮಟ್ಟಿಗೆ ಹೌದು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ಕೊಟ್ಟರು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ 2004ರಲ್ಲಿ ಶುರು ಮಾಡಿತು. 2006ರ ನವೆಂಬರಿನ ಹೊಸ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರ ಅಕ್ಟೋಬರಿನಲ್ಲಿ ನಮ್ಮ ಬೀದರ್ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ದಲಿತ ಹೆಂಗಸರು 'ಸಂಘಂ ರೇಡಿಯೋ' ಶುರು ಮಾಡಿದರು. ಒಂಟಿಕೊಪ್ಪಲಿನಲ್ಲಿ ಮೈಕಿನ ಹತ್ತಿರ ಬರಲಾಗದಿದ್ದವರು ಇಲ್ಲಿ ಮೈಕಿನ ಯಜಮಾನರಾದರು. ಈಗ ದೇಶದಲ್ಲಿ ಸುಮಾರು 500 ಸಮುದಾಯ ಬಾನುಲಿ ಕೇಂದ್ರಗಳಿವೆ. ಮೈಸೂರು ಜಿಲ್ಲೆಯ ಸರಗೂರಿನಲ್ಲೇ 'ಜನಧ್ವನಿ' ಇದೆ. ಇದೆಲ್ಲ ಸಣ್ಣ ಗೆಲುವಲ್ಲ.

ಆದರೆ ಆ 2006ರ ನೀತಿಯನ್ನು ಒಮ್ಮೆ ಕೂತು ಓದಿ. ಸರ್ಕಾರಿ ಕಾಗದ, ನಿದ್ದೆ ಬರುತ್ತೆ, ಆದರೂ ಓದಿ. ಯಾರಿಗೆ ಲೈಸೆನ್ಸ್ ಕೊಡಬಾರದು ಅನ್ನೋ ಪಟ್ಟಿ ಒಂದಿದೆ. ರಾಜಕೀಯ ಪಕ್ಷಗಳಿಗೆ ಇಲ್ಲ. ಲಾಭಕ್ಕಾಗಿ ನಡೆಯೋ ಸಂಸ್ಥೆಗಳಿಗೆ ಇಲ್ಲ. ನಿಷೇಧಿತ ಸಂಘಟನೆಗಳಿಗೆ ಇಲ್ಲ. ಇವೆಲ್ಲ ಅರ್ಥವಾಗುತ್ತೆ. ಆ ಪಟ್ಟಿಯ ಮೊದಲನೇ ಸಾಲಿನಲ್ಲಿ ಇರೋದು ಏನು ಗೊತ್ತಾ? ವ್ಯಕ್ತಿಗಳು. ಒಬ್ಬ ಮನುಷ್ಯ ತನ್ನ ಹೆಸರಿನಲ್ಲಿ ಅರ್ಜಿ ಹಾಕೋ ಹಾಗೇ ಇಲ್ಲ. ಸಂಸ್ಥೆಯಾಗಿರಬೇಕು, ನೋಂದಣಿಯಾಗಿ ಮೂರು ವರ್ಷ ಆಗಿರಬೇಕು.

ಅಂದರೆ ಇವತ್ತು ಡಾ. ಗೋಪಾಲಸ್ವಾಮಿ ಅರ್ಜಿ ಹಾಕಿದರೆ ಆ ಪಟ್ಟಿಯ ಮೊದಲನೇ ಸಾಲಿಗೇ ತಿರಸ್ಕೃತ. ಅವರ ರೇಡಿಯೋದ ಹೆಸರನ್ನು ದೇಶದ ಪ್ರತಿ ಕೇಂದ್ರದ ಮೇಲೂ ಬರೆಸಿ ಅಂತ ಆದೇಶ ಹೊರಡಿಸಿದ ದೇಶದಲ್ಲಿ, ಅವರು ಮಾಡಿದ ಕೆಲಸವನ್ನು ಇನ್ನೊಬ್ಬರು ಮಾಡಿದರೆ ಅದು ಅಪರಾಧ.

ಇದು ಊಹೆಯ ಮಾತಲ್ಲ. ಅವರು ಮಾಡಿದ ಹಾಗೆಯೇ ನಮ್ಮ ಕಾಲದಲ್ಲಿ ಒಬ್ಬ ಮಾಡಿದ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಹುಡುಗ. ಕೈಗೆ ಸಿಕ್ಕ ಬಿಡಿಭಾಗ ಸೇರಿಸಿ ಎಫ್‌ಎಂ ಟ್ರಾನ್ಸ್‌ಮಿಟರ್ ಮಾಡಿದ. ಖರ್ಚು 50 ರೂಪಾಯಿ ಅಂತ ಆಗ ಪತ್ರಿಕೆಗಳು ಬರೆದವು. ಆಂಟೆನಾವನ್ನು ಬಿದಿರಿನ ಗಳಕ್ಕೆ ಕಟ್ಟಿ ಮೇಲೇರಿಸಿದ. ಭೋಜಪುರಿ ಹಾಡು, ಊರಿನ ಸಮಾಚಾರ, ಆರೋಗ್ಯದ ಮಾತು. ಸುತ್ತಲ ಹಳ್ಳಿಗಳು ಕೇಳಿದವು. 2006ರಲ್ಲಿ ಅಂತರರಾಷ್ಟ್ರೀಯ ಮಾಧ್ಯಮದಲ್ಲಿ ಸುದ್ದಿಯಾಯಿತು. ಸುದ್ದಿಯಾದ ಮೇಲೆ ಇನ್ನೇನು, ಅಧಿಕಾರಿಗಳು ಬಂದು ಮುಚ್ಚಿಸಿದರು. ಅವನಿಗೆ ಅಂಥ ಕಾನೂನು ಇದೆ ಅನ್ನೋದೇ ಗೊತ್ತಿರಲಿಲ್ಲವಂತೆ.

ಪ್ರೊಫೆಸರು ಮಾಡಿದರೆ ಪ್ರವರ್ತಕ, ರಿಪೇರಿಯವನು ಮಾಡಿದರೆ ಕಳ್ಳ ರೇಡಿಯೋ. ಕಾಲ ಬೇರೆ, ಕಾನೂನು ಬೇರೆ, ನಿಜ. ಇವತ್ತು ಎಫ್‌ಎಂ ಪಟ್ಟಿಯಲ್ಲಿ ಜಾಗ ಇಕ್ಕಟ್ಟು, ವಿಮಾನದ ಸಂವಹನಕ್ಕೆ ತೊಂದರೆ ಆಗಬಾರದು, ಒಬ್ಬರ ಪ್ರಸಾರ ಇನ್ನೊಬ್ಬರ ಮೇಲೆ ಬೀಳಬಾರದು. ಈ ಕಾರಣಗಳನ್ನು ನಾನು ತಳ್ಳಿಹಾಕಲ್ಲ. ಅದಕ್ಕೇ ಲೈಸೆನ್ಸ್ ಇರಬೇಕು ಅನ್ನೋದನ್ನು ಒಪ್ತೀನಿ. ಆದರೆ ಅದು ಯಾವ ಕಂಪನಾಂಕ, ಎಷ್ಟು ವ್ಯಾಟು ಅನ್ನೋದರ ಲೈಸೆನ್ಸ್ ಆಗಬೇಕು. ಯಾರು ಮಾತಾಡಬಹುದು, ಏನು ಮಾತಾಡಬಹುದು ಅನ್ನೋದರ ಲೈಸೆನ್ಸ್ ಆಗಿರೋದೇ ರೋಗ.

ಏನು ಮಾತಾಡಬಹುದು ಅನ್ನೋದನ್ನೂ ನೋಡಿ. ಸಮುದಾಯ ಬಾನುಲಿಗೆ 100 ವ್ಯಾಟಿನ ಮಿತಿ, ಹತ್ತು ಹದಿನೈದು ಕಿಲೋಮೀಟರ್ ಕೇಳಿಸಿದರೆ ಹೆಚ್ಚು. ಇಷ್ಟು ಸಣ್ಣ ರೇಡಿಯೋಕ್ಕೂ ಸ್ವಂತ ಸುದ್ದಿ ನಿಷಿದ್ಧ. ಸುದ್ದಿ ಬೇಕಾದರೆ ಆಕಾಶವಾಣಿಯದ್ದನ್ನೇ ಹಾಕಬೇಕು. ಖಾಸಗಿ ಎಫ್‌ಎಂಗಳಿಗೂ ಇದೇ ಕಟ್ಟು. ನಾಳೆ ನೀರು ಬರಲ್ಲ ಅಂತ ಪ್ರಕಟಣೆ ಕೊಡಬಹುದು. ಯಾಕೆ ಬರಲಿಲ್ಲ, ಪೈಪಿನ ದುಡ್ಡು ಎಲ್ಲಿ ಹೋಯಿತು ಅಂತ ಬೆಳಗ್ಗೆ ಎಂಟಕ್ಕೆ ಊರಿನ ವಾರ್ತೆ ಓದೋ ಹಾಗಿಲ್ಲ. ಅದೇ ಮಾತನ್ನು ಪತ್ರಿಕೆ ಅಚ್ಚು ಹಾಕಬಹುದು, ಟಿವಿ ಚಾನೆಲ್ ಕಿರುಚಬಹುದು, ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಹೇಳಬಹುದು. ರೇಡಿಯೋ ಮಾತ್ರ ಹೇಳಬಾರದು. ಓದೋಕೆ ಬರದವರೂ ಡೇಟಾ ಪ್ಯಾಕ್ ಇಲ್ಲದವರೂ ಬಳಸೋ ಮಾಧ್ಯಮಕ್ಕೇ ಈ ಬೀಗ ಹಾಕಿರೋದು ಕಾಕತಾಳೀಯ ಅಂತ ನಂಬೋಕೆ ನನಗೆ ಕಷ್ಟ.

ಕೊನೆಯದಾಗಿ, ನಿಮ್ಮಲ್ಲಿ ಅರ್ಧ ಜನ ಇಷ್ಟೊತ್ತಿಗೆ ಕೇಳ್ಕೊಂಡಿರೋ ಪ್ರಶ್ನೆ. "ಗುರು, ಈ ಕಾಲದಲ್ಲಿ ರೇಡಿಯೋ ಯಾಕೆ? ಎಲ್ಲರ ಕೈಯಲ್ಲೂ ಫೋನ್ ಇದೆ, ಪಾಡ್‌ಕಾಸ್ಟ್ ಮಾಡಲಿ." ಈ ಮಾತನ್ನು ನಮ್ಮ ಟೀಮಿನಲ್ಲೇ ಹತ್ತು ಸಲ ಕೇಳಿದೀನಿ. ಉತ್ತರ ತಾಂತ್ರಿಕವಾದದ್ದೇ. ಪಾಡ್‌ಕಾಸ್ಟಿಗೆ ಪ್ರತಿ ಕೇಳುಗನೂ ಸರ್ವರಿನ ಮೇಲೆ ಒಂದು ಹೊರೆ, ಅವನ ಜೇಬಿಗೆ ಒಂದು ಖರ್ಚು. ರೇಡಿಯೋಕ್ಕೆ ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಟ್ರಾನ್ಸ್‌ಮಿಟರಿನ ಕರೆಂಟ್ ಬಿಲ್ಲು ಒಂದೇ. ಯಾರು ಕೇಳಿದರು, ಎಷ್ಟು ಹೊತ್ತು ಕೇಳಿದರು ಅಂತ ರೇಡಿಯೋ ಬರೆದಿಟ್ಟುಕೊಳ್ಳಲ್ಲ. ನಾವು ಕಟ್ಟೋ ಆ್ಯಪುಗಳೆಲ್ಲ ಬರೆದಿಟ್ಟುಕೊಳ್ತವೆ, ನಮಗೆ ಚೆನ್ನಾಗಿ ಗೊತ್ತು. ಇನ್ನೊಂದು, ಫೋನಿನಲ್ಲಿ ನನ್ನ ಪಕ್ಕದ ಮನೆಯವನು ಏನು ನೋಡ್ತಾನೆ ಅಂತ ನನಗೆ ಗೊತ್ತಾಗಲ್ಲ, ನಾನು ನೋಡೋದು ಅವನಿಗೆ ಗೊತ್ತಾಗಲ್ಲ. ಅವನಿಗೆ ಬೇಕಾದ್ದು ಅವನಿಗೆ, ನನಗೆ ಬೇಕಾದ್ದು ನನಗೆ. ಒಂದು ಊರು ಒಂದೇ ಹೊತ್ತಿಗೆ ಒಂದೇ ಮಾತು ಕೇಳಿ, ಮಾರನೇ ದಿನ ಅದರ ಮೇಲೆ ಜಗಳ ಆಡೋ ಅವಕಾಶ ಇದೆಯಲ್ಲ, ಅದನ್ನು ಕೊಡೋ ಯಂತ್ರ ಇನ್ನೂ ರೇಡಿಯೋ ಒಂದೇ. ಜತೆಗೆ 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂಥ ದಿನಗಳಲ್ಲಿ ಮೊಬೈಲ್ ಟವರಿಗೆ ಕರೆಂಟ್ ಹೋದರೆ ನಮ್ಮ ಪಾಡ್‌ಕಾಸ್ಟೂ ಹೋಯಿತು.

ಹಾಗಾದರೆ ಏನು ಮಾಡಬೇಕು? ಮೈಸೂರಿನ ಕಥೆಯಲ್ಲಿ ನಗರಸಭೆ ಅಂತ ಒಂದು ಬಂದಿತ್ತಲ್ಲ, ಅಲ್ಲಿಗೆ ವಾಪಸ್ ಹೋಗಿ. 1930ರ ದಶಕದಲ್ಲಿ ಒಂದು ನಗರಸಭೆಗೆ ಊರಿನ ರೇಡಿಯೋ ತನ್ನ ಖರ್ಚಿನ ಬಾಬ್ತು ಅನ್ನಿಸಿತ್ತು. ಬೀದಿ ದೀಪ, ಚರಂಡಿ, ಲೈಬ್ರರಿ ಇದ್ದ ಹಾಗೆ ರೇಡಿಯೋನೂ ಒಂದು. ಇವತ್ತು ನಮ್ಮ ಯಾವ ಪುರಸಭೆಯ ಬಜೆಟ್ ಚರ್ಚೆಯಲ್ಲಾದರೂ ಇಂಥ ಮಾತು ಬಂದದ್ದನ್ನು ಕೇಳಿದೀರಾ? ಲೈಬ್ರರಿಗೆ ತೆರಿಗೆಯ ಜತೆ ಸೆಸ್ ಕಟ್ತೀವಿ. ಅದರಲ್ಲಿ ಒಂದು ಪಾಲಿನಷ್ಟು ಹಣದಲ್ಲಿ 100 ವ್ಯಾಟಿನ ಒಂದು ರೇಡಿಯೋ ನಡೆಯುತ್ತೆ. ದುಡ್ಡು ಊರಿನದು, ಆದರೆ ಮೈಕು ಪುರಸಭೆ ಅಧ್ಯಕ್ಷರದಲ್ಲ ಅನ್ನೋ ನಿಯಮ ಬೇಕು. ಹಾಗೇ, ವ್ಯಕ್ತಿಗಳಿಗೆ ಇಲ್ಲ ಅನ್ನೋ ಆ ಮೊದಲ ಸಾಲು ಹೋಗಬೇಕು, 30 ವ್ಯಾಟಿನ ಮಟ್ಟಿಗಾದರೂ. ಸ್ವಂತ ಸುದ್ದಿಯ ಮೇಲಿನ ಬೀಗ ಬಿಚ್ಚಬೇಕು.

ಮುಂದಿನ ಸೆಪ್ಟೆಂಬರ್ 10ಕ್ಕೆ ಆ ಫಾರ್ವರ್ಡು ಮತ್ತೆ ಬರುತ್ತೆ. ಹೆಮ್ಮೆ ಪಡಿ, ನಾನೂ ಪಡ್ತೀನಿ. ಆದರೆ ಕಳಿಸಿದವರಿಗೆ ಒಂದು ಪ್ರಶ್ನೆ ವಾಪಸ್ ಕಳಿಸಿ: ಇವತ್ತು ಆ ಮೇಷ್ಟ್ರು ಬಂದು ಲೈಸೆನ್ಸ್ ಕೇಳಿದರೆ ಕೊಡ್ತೀವಾ? ಕೊಡಲ್ಲ ಅಂತಾದರೆ, ನಾವು ಹೊಗಳ್ತಿರೋದು ಯಾರನ್ನ?